ಈರಕ್ಕನ ಜೊತೆ ಮದ್ರಾಸು ಸೀಮೆಯ ಕಚೇರಿಗೆ

ನಮ್ಮ ಮೈಸೂರಿನಲ್ಲಿ ಪರದೇಶಕ್ಕೆ ಹೋಗಿ ಬಂದವರ ಗತ್ತೇ ಬೇರೆ. ನಮ್ಮ ಕೇರಿಯ ಎಂಜಿನಿಯರೊಬ್ಬರು ಲಂಡನ್ನಿನಲ್ಲಿ ಆರು ತಿಂಗಳಿದ್ದು ಬಂದು, ಆರು ವರ್ಷ ಅದನ್ನೇ ಹೇಳಿದರು. ನಾನೂ ಪರದೇಶಕ್ಕೆ ಹೋಗಿ ಬಂದವಳು ಎಂದರೆ ನೀವು ನಗಬಹುದು. ನಾನು ಹಡಗು ಹತ್ತಲಿಲ್ಲ, ಸಮುದ್ರ ನೋಡಲಿಲ್ಲ. ಮಧುಗಿರಿಯಲ್ಲಿ ಇದ್ದಿಲ ಬಸ್ಸು ಹತ್ತಿ, ಅದನ್ನು ಅರ್ಧ ದಾರಿ ತಳ್ಳಿ, ಮೈಸೂರು ಮಹಾರಾಜರ ಸೀಮೆ ದಾಟಿ ಇಂಗ್ಲಿಷರ ಮದ್ರಾಸು ಸೀಮೆಗೆ ಹೋದೆ. ಅವರ ಪೊಲೀಸು ಬೇರೆ, ನಮ್ಮ ಪೊಲೀಸು ಬೇರೆ. ನಮ್ಮ ಅಮಲ್ದಾರರು ಅಲ್ಲಿ ತಹಸೀಲ್ದಾರರು, ನಮ್ಮ ಶಾನುಭೋಗರು ಅಲ್ಲಿ ಕರಣಂ. ಇಷ್ಟು ಬೇರೆಯಾದ ಮೇಲೆ ಅದು ಪರದೇಶವಲ್ಲದೆ ಇನ್ನೇನು?

ಇನ್ನೊಂದು ವಿಚಿತ್ರ ಹೇಳಬೇಕು. ಪಾವಗಡ ನಮ್ಮದೇ ತಾಲ್ಲೂಕು. ಆದರೆ ಮಧುಗಿರಿಯಿಂದ ಅಲ್ಲಿಗೆ ಹೋಗಬೇಕಾದರೆ ನಡುವೆ ಮದ್ರಾಸು ಸೀಮೆಯ ಒಂದು ತುಂಡು ಅಡ್ಡ ಬರುತ್ತದೆ. ನಡುಮನೆಯಿಂದ ಅಡುಗೆಮನೆಗೆ ಹೋಗಲು ಪಕ್ಕದ ಮನೆಯವರ ಹಿತ್ತಲು ಹಾಯ್ದ ಹಾಗೆ. ಹೀಗಾಗಿ ಮೂರು ದಿನಗಳಲ್ಲಿ ನಾನು ನಾಲ್ಕು ಸಲ ಗಡಿ ದಾಟಿದೆ. ಲಂಡನ್ನಿನ ಎಂಜಿನಿಯರೂ ಇಷ್ಟು ದಾಟಿರಲಾರರು.

ಮಧುಗಿರಿ

ಯುದ್ಧ ಶುರುವಾಗಿ ಪೆಟ್ರೋಲಿಗೆ ಬರ ಬಂದಿದ್ದ ಕಾಲ. ನಾನಾಗ ಮಧುಗಿರಿಯ ಆಸ್ಪತ್ರೆಯಲ್ಲಿ ಮಿಡ್‌ವೈಫು. ಹೆಸರು ಪುಟ್ಟಲಕ್ಷ್ಮಮ್ಮ. ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು, ನಮ್ಮಣ್ಣನ ಹಟದಿಂದ ಓದಿ, ಬೆಂಗಳೂರಿನಲ್ಲಿ ಹೆರಿಗೆ ಕೆಲಸ ಕಲಿತು ಬಂದವಳು. ಊರವರಿಗೆ ನಾನು ನರ್ಸಮ್ಮ.

ಒಂದು ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಜಗಲಿಯ ಮೇಲೆ ಐವತ್ತು ದಾಟಿದ ಒಬ್ಬ ಹೆಂಗಸು ಐದು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಚೀಟಿ ಮಾಡಿಸಲಿಲ್ಲ, ಔಷಧಿ ಕೇಳಲಿಲ್ಲ. ಮಧ್ಯಾಹ್ನವಾದರೂ ಎದ್ದು ಹೋಗಲಿಲ್ಲ. ಕೊನೆಗೆ ನಾನೇ ಹತ್ತಿರ ಹೋದೆ.

"ನರ್ಸಮ್ಮಾರೇ, ನಾನು ಈರಕ್ಕ. ಐ.ಡಿ.ಹಳ್ಳಿ ತಾವ ನಮ್ಮ ಹಟ್ಟಿ. ಈ ಕೂಸು ನಿಮ್ಮ ಕೈಯಾಗೇ ಹುಟ್ಟಿದ್ದು, ಗ್ಯಾಪ್ನ ಐತಾ?"

ನೆನಪಿತ್ತು. ಐದು ತಿಂಗಳ ಹಿಂದೆ ಐ.ಡಿ.ಹಳ್ಳಿಯಲ್ಲಿ ಸಿಡುಬು ಬಾರದ ಹಾಗೆ ದೇವಿ ಹಾಕುವ ಕ್ಯಾಂಪು ನಡೆದಿತ್ತು. ಗಡಿಯಾಚೆಯ ಒಂದು ಹಟ್ಟಿಯಲ್ಲಿ ಹುಡುಗಿಯೊಬ್ಬಳು ಎರಡು ದಿನದಿಂದ ನೋಯುತ್ತಿದ್ದಾಳೆಂದು ಗಾಡಿ ಕಟ್ಟಿಕೊಂಡು ಬಂದು ನನ್ನನ್ನು ಕರೆದೊಯ್ದರು. ಕುರಿ ಸಾಕುವವರ ಹಟ್ಟಿ ಅದು. ಅವರಲ್ಲಿ ಹೆರಿಗೆ ಹಟ್ಟಿಯೊಳಗೆ ಆಗುವಂತಿಲ್ಲ. ಬೇಲಿಯಾಚೆ ಬಯಲಿನಲ್ಲಿ ಒಂದು ಗುಡ್ಲು ಹಾಕಿ, ತಿಂಗಳೊಪ್ಪತ್ತು ಬಾಣಂತಿಯನ್ನೂ ಕೂಸನ್ನೂ ಅಲ್ಲೇ ಇಡುತ್ತಾರೆ. ಹಟ್ಟಿಯ ಹೆಂಗಸರು ಮುಟ್ಟುವಂತಿಲ್ಲ, ಹೊರಗಿನವಳಾದ ನಾನು ಮುಟ್ಟಬಹುದು. ಬಿಸಿನೀರು ಕೇಳಿದರೆ ಅತ್ತೆ ಇಪ್ಪತ್ತು ಮಾರು ದೂರದ ಕಲ್ಲಿನ ಮೇಲೆ ಕೊಡ ಇಟ್ಟು ಹಿಂದೆ ಸರಿದಳು. ನಾನು ಅವತ್ತು ಆ ಪದ್ಧತಿಯನ್ನೂ ಪದ್ಧತಿ ಮಾಡಿದವರನ್ನೂ ಬಾಯಿಗೆ ಬಂದ ಹಾಗೆ ಬೈದೆ. ಸಂಜೆಯ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ತಾಯಿ ಚಿತ್ತಮ್ಮನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಇದು ಅವಳಿಗೆ ಮೂರನೆಯ ಹೆಣ್ಣು. ಗಂಡ ಬೇಲಿಯ ಹತ್ತಿರ ಬಂದು, ಏನೆಂದು ಕೇಳಿ, ಉಗುಳಿ ಹೋದ.

"ಚಿತ್ತಮ್ಮ ಹೆಂಗಿದ್ದಾಳೆ?" ಎಂದೆ.

"ಸತ್ಲು. ನೀವು ಹೋದ ಎಂಟನೇ ದಿನಕ್ಕೆ. ಬಾವಿಗೆ ಬಿದ್ದು ಸತ್ಲಂತೆ. ಕಾಲು ಜಾರ್ತಂತೆ. ಅಂಗಂತ ಪೋಲೀಸ್ರು ಕಾಗ್ದ ಬರ್ದು, ಐದು ಜನದ ಹೆಬ್ಬೆಟ್ಟು ಒತ್ತಿಸ್ಕಂಡು ಮಡಿಕ್ಕಂಡವ್ರೆ. ನನ್ ಮಗಳ ಕತ್ನಾಗೆ ಕೆಂಪಗೆ ಗೆರೆ ಇತ್ತು ಕಣಮ್ಮ, ನಾನು ಕಂಡೀವ್ನಿ. ಬಾವಿ ಹಗ್ಗ ಸುತ್ಕಂಡಿತ್ತು ಅಂತಾರೆ. ನನ್ ಮಗಳ್ನ ಕೊಂದವ್ರೆ. ಆ ಕಾಗ್ದ ಸುಳ್ಳು ಅಂತ ಆಗ್ಬೇಕು."

ಈ ಐದು ತಿಂಗಳಲ್ಲಿ ಅವಳು ಅಲೆಯದ ಬಾಗಿಲಿಲ್ಲ. ನಮ್ಮ ಕಡೆಯ ಠಾಣೆಯಲ್ಲಿ, ಸತ್ತಿದ್ದು ಅವರ ಸೀಮೆಯಲ್ಲಿ, ನಮಗೆ ಅಧಿಕಾರವಿಲ್ಲ ಎಂದರು. ಅವರ ಕಡೆಯ ಠಾಣೆಯಲ್ಲಿ, ಪಂಚನಾಮೆ ಆಗಿದೆ, ಮುಗಿಯಿತು ಎಂದರು. ಕೊನೆಗೆ ಪಾವಗಡದ ಒಬ್ಬ ವಕೀಲರು ದುಡ್ಡು ಮುಟ್ಟದೆ ಅರ್ಜಿ ಬರೆದುಕೊಟ್ಟಿದ್ದರು; ಅದರ ಮೇಲೆ ಗಡಿಯಾಚೆಯ ಮ್ಯಾಜಿಸ್ಟ್ರೇಟರು ವಿಚಾರಣೆಗೆ ಗುರುವಾರ ದಿನ ಗೊತ್ತುಮಾಡಿದ್ದರು. ಅವತ್ತು ಹೊಸದೇನೂ ಹೊರಬರದಿದ್ದರೆ ಕಡತ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ.

"ನಾನೇನು ಹೇಳಲಿ ಈರಕ್ಕ? ನಾನು ಹೆರಿಗೆ ಮಾಡಿಸಿದೆ, ಅಷ್ಟೆ."

"ಅಷ್ಟೇ ಬಂದು ಹೇಳಿ. ನನ್ ಕಡೆ ಮಾತಾಡಾಕೆ ಯಾರೂ ಇಲ್ಲ."

ಸಮನ್ಸು ಬರಲೆಂದು ಕಾಯುವ ಹಾಗಿರಲಿಲ್ಲ. ಅವರ ಸಮನ್ಸು ನಮ್ಮ ಸೀಮೆಗೆ ಬರಬೇಕಾದರೆ ಅಲ್ಲಿನ ಸಾಹೇಬರನ್ನೂ ಇಲ್ಲಿನ ದಿವಾನರ ಕಚೇರಿಯನ್ನೂ ಸುತ್ತಿ, ಈ ಕೂಸು ದೊಡ್ಡದಾಗಿ ಲಗ್ನವಾಗುವ ಹೊತ್ತಿಗೆ ಬರುತ್ತಿತ್ತು. ನಾನು ಡಾಕ್ಟರ ಹತ್ತಿರ ಹೋಗಿ, ತೋವಿನಕೆರೆಯಲ್ಲಿ ಚಿಕ್ಕಮ್ಮನ ಮೊಮ್ಮಗುವಿಗೆ ನಾಮಕರಣ, ಮೂರು ದಿನ ರಜೆ ಬೇಕು ಎಂದೆ. ಅವರು ತಲೆಯೆತ್ತದೆ ರುಜು ಹಾಕಿದರು. ಬುಧವಾರ ಬೆಳಿಗ್ಗೆ ಪಾವಗಡದ ಬಸ್ಸಿಗೆ ಕಾಯುತ್ತಾ ನಿಂತಿದ್ದರೆ ಅದೇ ಡಾಕ್ಟರು ಸೈಕಲ್ಲಿನಲ್ಲಿ ಎದುರಿಗೆ ಬಂದರು. ತೋವಿನಕೆರೆ ಇರುವುದು ತೆಂಕಣ ದಿಕ್ಕಿಗೆ, ಕೊರಟಗೆರೆಯ ಕಡೆ. ನಾನು ಬಡಗಣ ದಿಕ್ಕಿನ ಬಸ್ಸಿಗೆ ನಿಂತಿದ್ದೆ.

"ನಾಮಕರಣ ಪಾವಗಡಕ್ಕೆ ಬದಲಾಯಿತೇನಮ್ಮ?" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ಅವರು ಜೇಬಿನಿಂದ ಮಡಿಸಿದ ಕಾಗದ ತೆಗೆದುಕೊಟ್ಟರು. ಕ್ಯಾಂಪಿನ ದಿನ ನಾನು ಬರೆದಿದ್ದ ಹೆರಿಗೆ ಪುಸ್ತಕದ ನಕಲು, ಕೆಳಗೆ ಆಸ್ಪತ್ರೆಯ ಮೊಹರು. "ಬರೀ ಬಾಯಿಮಾತು ಅಲ್ಲಿ ನಡೆಯೋದಿಲ್ಲ. ಜಗಲಿ ಮೇಲೆ ಕೂತಿದ್ದವಳ ಮಾತು ನನಗೂ ಕೇಳಿಸಿತ್ತು" ಎಂದು ಹೇಳಿ ಸೈಕಲ್ಲು ತುಳಿದುಕೊಂಡು ಹೋದರು.

ಮಿಡಿಗೇಶಿಯ ಏರು

ಇದ್ದಿಲ ಬಸ್ಸು ನೋಡದವರಿಗಾಗಿ ಹೇಳುತ್ತೇನೆ. ಹಿಂಭಾಗದಲ್ಲಿ ನೀರೊಲೆಯ ಹಂಡೆಯಂಥದೊಂದು ಪೀಪಾಯಿ. ಅದರೊಳಗೆ ಇದ್ದಿಲು ಉರಿಸಿ ಹೊಗೆಯಿಂದ ಗಾಡಿ ಓಡಿಸುತ್ತಾರೆ. ಓಡುತ್ತದೆ ಎನ್ನುವುದು ಮರ್ಯಾದೆಯ ಮಾತು. ಮಿಡಿಗೇಶಿಯ ಹತ್ತಿರ ಏರು ಬರುವ ಮೊದಲೇ ಅದಕ್ಕೆ ಉಬ್ಬಸ ಹತ್ತಿತು. ಡ್ರೈವರು ಸಿರಾದ ಬಾಷಾ ಸಾಬರು. ಕೆಳಗಿಳಿದು ಹಿಂದೆ ಹೋಗಿ ಗಾಳಿಯ ಹಿಡಿ ತಿರುವುತ್ತಾ ಕೂಗಿದರು.

"ಜರಾ ಇಳೀರಿ ಎಲ್ಲಾರೂ! ಗಾಡಿಗೆ ದಮ್ ಇಲ್ಲ. ಅಮ್ಮಾ, ನೀವು ಕೂತ್ಕೊಳ್ಳಿ, ಬಚ್ಚಾ ಐತೆ."

ಕೂತವಳು ಈರಕ್ಕ. ನಾನು ಇಳಿದು ತಳ್ಳಿದೆ. ಸರ್ಕಾರಿ ಮಿಡ್‌ವೈಫು ಬಿಳಿ ಸೀರೆಯ ಸೆರಗು ಸೊಂಟಕ್ಕೆ ಕಟ್ಟಿ ಬಸ್ಸು ತಳ್ಳುವುದನ್ನು ನೋಡಲು ಹೊಲದಲ್ಲಿ ಕಳೆ ಕೀಳುತ್ತಿದ್ದವರೆಲ್ಲ ನಿಂತರು. ಏರು ಹತ್ತುವ ಹೊತ್ತಿಗೆ ನನ್ನ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು, ಕೂಸು ನನ್ನನ್ನು ನೋಡಿ ಕಿರುಚಿಕೊಂಡಿತು.

ಬಾಷಾ ಸಾಬರು ದಾರಿಯುದ್ದಕ್ಕೂ ಸಿರಾ ಎಂಥ ಊರು, ನವಾಬರ ಕಾಲದಲ್ಲಿ ಅದರ ಶಾನ್ ಎಂಥದು, ಈ ಮಧುಗಿರಿ ಕೊರಟಗೆರೆಗಳೆಲ್ಲ ಅದರ ಮುಂದೆ ಯಾವ ಲೆಕ್ಕ ಎಂದು ಹೇಳುತ್ತಲೇ ಇದ್ದರು. ನಾವು ಹೋಗುತ್ತಿರುವುದು ಯಾಕೆಂದು ಕೇಳಿದರು. ಹೇಳಿದೆ. ಸಿರಾದ ಸುದ್ದಿ ಬಿಟ್ಟು ಮುಂದಿನ ರಸ್ತೆಯತ್ತ ಗದ್ದ ಚಾಚಿದರು.

"ಇಪ್ಪತ್ತು ವರ್ಷ ಆಯ್ತು ಅಮ್ಮಾ, ಈ ರಸ್ತೆ ಮೇಲೆ ಗಾಡಿ ಹೊಡೀತಾ ಇದೀನಿ" ಎಂದರು. "ಆ ಹಳ್ಳೀಲಿ ಸೊಸೆ ಬಾವಿಗೆ ಜಾರಿದ್ಲು, ಈ ಹಳ್ಳೀಲಿ ಮಗಳು ಜಾರಿದ್ಲು ಅಂತ ಕೇಳ್ತಾನೇ ಇದೀನಿ. ಒಬ್ಬ ಗಂಡಸು ಜಾರಿ ಬಿದ್ದಿದ್ದು ಕೇಳಿಲ್ಲ. ಬಾವೀಗೂ ಗೊತ್ತಾಗ್ತದಾ, ಯಾರು ಹೆಂಗಸು, ಯಾರು ಗಂಡಸು ಅಂತ?"

ಈರಕ್ಕ ಕೂಸಿನ ತಲೆ ಸವರುತ್ತಾ ಹೊರಗೆ ನೋಡುತ್ತಿದ್ದಳು. ನಾನು ಆಸ್ಪತ್ರೆಯಲ್ಲಿ ನೋಡಿದ ಹೆಣಗಳನ್ನು ನೆನೆಯುತ್ತಾ ಕೂತೆ. ಕಾಲು ಜಾರಿ ಎಂಬ ಮಾತನ್ನು ನಾನೂ ಎಷ್ಟು ಸಲ ಓದಿ ಮುಂದೆ ಹೋಗಿದ್ದೆನೋ ಲೆಕ್ಕವಿಲ್ಲ.

ಸುಂಕದ ಕಟ್ಟೆ

ಗಡಿ ಬಂದದ್ದು ಹೇಗೆ ಗೊತ್ತಾಗುತ್ತದೆ ಎಂದರೆ, ನಮ್ಮ ಕಡೆಯ ಸಾಲುಮರ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತದೆ. ಆಮೇಲೆ ಬಿಸಿಲು. ಒಂದು ಗುಡಿಸಲು, ಅಡ್ಡ ಕಟ್ಟಿದ ಗಳ, ಕೆಂಪು ರುಮಾಲಿನ ಜವಾನ. ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಕಳ್ಳ ಸಾರಾಯಿ ಹೋಗುತ್ತದೆಂದು ಅವನು ಒಂದೊಂದು ಗಂಟೂ ಬಿಚ್ಚಿಸುತ್ತಿದ್ದ. ನನ್ನ ಹೆರಿಗೆ ಚೀಲ ಬಿಟ್ಟು ನಾನು ಎಲ್ಲಿಗೂ ಹೋಗುವವಳಲ್ಲ. ಅದರಲ್ಲಿದ್ದ, ಕೈ ಕತ್ತರಿ ತೊಳೆಯುವ ಕಾರ್ಬಾಲಿಕ್ ಸೀಸೆ ಅವನ ಕಣ್ಣಿಗೆ ಬಿತ್ತು.

"ಇದೇಮಿಟಮ್ಮಾ?"

"ಔಷಧಿ."

"ಅಂದರೂ ಔಷಧಮೇ ಅಂಟಾರು," ಎಲ್ಲರೂ ಹೇಳುವುದು ಔಷಧಿ ಎಂದೇ, ಎಂದು ನಕ್ಕು, ಬಿರಡೆ ಕಿತ್ತು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಮೂಗಿಟ್ಟು ಜೋರಾಗಿ ಎಳೆದ. ಆಮೇಲೆ ಪಾಪ, ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿದ. ನಾನೇ ಮುಖ ತೊಳೆಸಿ ಮಜ್ಜಿಗೆ ಕುಡಿಸಿದೆ. ಮಾರನೆಯ ದಿನ ಅದೇ ಕಟ್ಟೆಯಲ್ಲಿ ನಮ್ಮನ್ನು ಕಂಡವನೇ ದೂರದಿಂದಲೇ ಗಳ ಎತ್ತಿಬಿಟ್ಟ.

ಪಾವಗಡ

ಪಾವಗಡ ನಮ್ಮ ಮಹಾರಾಜರ ಊರಾದರೂ ಕಿವಿಗೆ ಪರದೇಶವೇ. ಬಂಡೆಬೆಟ್ಟದ ಕೆಳಗೆ ಕನ್ನಡವೂ ತೆಲುಗೂ ಒಂದೇ ಬಾಯಲ್ಲಿ ಓಡಾಡುತ್ತವೆ. ಮುದ್ದೆಗೆ ಅಕ್ಕಿನುಚ್ಚು ಬೆರೆಸಿ ಸಂಗಟಿ ಎನ್ನುತ್ತಾರೆ. ಮೈಸೂರಿನ ನನ್ನ ನಾಲಿಗೆಗೆ ಅವರ ಕಡಲೆಕಾಯಿ ಚಟ್ನಿ ಬೆಂಕಿ. ಆದರೂ ಎರಡು ಸಲ ಹಾಕಿಸಿಕೊಂಡೆ.

ವಕೀಲ ಶೇಷಾದ್ರಯ್ಯನವರು ಎರಡೂ ಸೀಮೆಯ ಸನ್ನದು ಇಟ್ಟುಕೊಂಡಿದ್ದ, ನಶ್ಯದ ಡಬ್ಬಿ ಕೈಬಿಡದ, ಕಡ್ಡಿಯಂಥ ಮುದುಕರು. ಜಗಲಿಯ ಮೇಲೆ ಚಾಪೆ ಹಾಕಿಸಿ, "ಕೂರ್ಚೋಂಡಿ ಅಮ್ಮಾ, ಕೂತ್ಕಳ್ಳಿ" ಎಂದು ಎರಡೂ ಭಾಷೆಯಲ್ಲಿ ಕೂರಿಸಿದರು. ಅವರ ಹೆಂಡತಿ ಕೂಸನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಮೊಹರಿನ ಕಾಗದ ಕೊಟ್ಟೆ.

"ಇದು ಹುಟ್ಟಿದ ಕಾಗದ. ನಮಗೆ ಬೇಕಿರೋದು ಸತ್ತ ಕಾಗದ ಸುಳ್ಳು ಅನ್ನೋದಕ್ಕೆ ಆಧಾರ" ಎಂದರು. "ಕತ್ತಿನ ಗೆರೆಗೆ ಹಗ್ಗ ಅಂತಾರೆ. ಕಂಡವರು ಯಾರೂ ಇಲ್ಲ. ಹಟ್ಟಿ ಯಜಮಾನ, ಆ ಗಂಡನ ದೊಡ್ಡಪ್ಪ ಕ್ಯಾತಪ್ಪನೇ ಮೊದಲ ಹೆಬ್ಬೆಟ್ಟು ಒತ್ತಿದ್ದಾನೆ. ಮ್ಯಾಜಿಸ್ಟ್ರೇಟರು ನಾಳೆ ಅವನನ್ನ ಕರೆಸಿದ್ದಾರೆ. ಅವನು ಅದನ್ನೇ ಹೇಳಿ ಹೋದರೆ ಅಯಿಪೋಯಿಂದಿ, ಮುಗೀತು."

ಪಂಚನಾಮೆಯ ನಕಲು ಓದಿ ಎಂದೆ. ಓದಿದರು. ಮೃತಳು ಬೆಳಗಿನ ಜಾವ ಹಟ್ಟಿಯ ಬಾವಿಯಲ್ಲಿ ನೀರು ಸೇದಲು ಹೋಗಿ, ಕಾಲು ಜಾರಿ ಬಿದ್ದು, ಹಗ್ಗ ಕತ್ತಿಗೆ ಸುತ್ತಿಕೊಂಡು ಸತ್ತಿರುತ್ತಾಳೆ.

"ನೀರು ಸೇದಲು?" ಎಂದೆ. ನನ್ನ ಕಣ್ಣ ಮುಂದೆ ಇಪ್ಪತ್ತು ಮಾರು ದೂರದ ಆ ಕಲ್ಲು, ಅದರ ಮೇಲಿನ ಕೊಡ ಬಂದು ನಿಂತವು. "ಈರಕ್ಕ, ಎಂಟನೇ ದಿನ ಅವಳು ಗುಡ್ಲಲ್ಲೇ ಇದ್ದಳಲ್ಲವೇ?"

"ಇನ್ನೆಲ್ಲಿರ್ತಾಳೆ? ಸೂತಕ ಕಳೀದೆ ಹಟ್ಟಿ ಒಳಕ್ಕೆ ಕಾಲಿಕ್ಕಾಂಗಿಲ್ಲ. ಬಾವಿ ತಾವ್ಕೆ ಹೋಗೋದಿರ್ಲಿ, ಬಾವಿ ಕಡೆ ನೆಳ್ಳೂ ಬೀಳ್ಬಾರ್ದು. ದೇವ್ರ ಬಾವಿ ಕಣಮ್ಮ ಅದು."

ವಕೀಲರ ಕೈಯ ನಶ್ಯ ಮೂಗಿಗೆ ಹೋಗದೆ ಪಂಚೆಯ ಮೇಲೆ ಚೆಲ್ಲಿತು.

"ಇಷ್ಟು ದಿನದಿಂದ ನನ್ನ ಹತ್ತಿರ ಓಡಾಡ್ತಾ ಇದ್ದೀಯಲ್ಲ, ಈ ಮಾತು ಯಾಕೆ ಹೇಳಲಿಲ್ಲ?"

"ನೀರು ಸೇದಾಕೆ ಹೋಗಿದ್ಲು ಅಂತ ಕಾಗ್ದದಾಗೆ ಐತೆ ಅಂತ ನಂಗೆ ಯಾರು ಓದಿ ಹೇಳುದ್ರು ಸ್ವಾಮಿ? ಜಾರಿ ಬಿದ್ಲು ಅಂದ್ರು, ಅಷ್ಟೆ. ಮತ್ತೆ ಸೂತಕದೋಳು ಬಾವಿಗೆ ಹೋಗಾಕಿಲ್ಲ ಅನ್ನಾದು ಹೇಳೋ ಮಾತಾ? ಹುಟ್ಟಿದ ಕೂಸಿಗೂ ಗೊತ್ತಿರ್ತೈತೆ."

ಹಟ್ಟಿಯವರಿಗೆ ಅದು ಗಾಳಿ ನೀರಿನಷ್ಟು ಸಹಜ, ಆದ್ದರಿಂದ ಯಾರೂ ಹೇಳಲಿಲ್ಲ. ಪೊಲೀಸರಿಗೆ ಗೊತ್ತಿಲ್ಲ, ಆದ್ದರಿಂದ ಯಾರೂ ಕೇಳಲಿಲ್ಲ. ಸುಳ್ಳು ಹೇಳಿದ ಗಂಡನೂ ಬೇರೆ ಊರಿನ ಬಾವಿಗಳ ಮಾಮೂಲು ಸುಳ್ಳನ್ನೇ ತನ್ನ ಹಟ್ಟಿಯ ಬಾವಿಗೂ ತಂದು ಹೊಂದಿಸಿದ್ದ. ನಾನು ಬೈದು ಬಂದಿದ್ದ ಪದ್ಧತಿಯೇ ಆ ಹುಡುಗಿಯ ಪರವಾಗಿ ನಿಲ್ಲುವ ಒಂದೇ ಒಂದು ಸಾಕ್ಷಿಯಾಗಿತ್ತು.

"ಕ್ಯಾತಪ್ಪನನ್ನ ಕೊಲೆ ವಿಚಾರ ಕೇಳಬಾರದು. ದೇವರ ವಿಚಾರ ಕೇಳಬೇಕು. ಚೂಸ್ತಾಂ, ನೋಡೋಣ" ಎಂದರು ವಕೀಲರು.

ಗಡಿಯಾಚೆಯ ಕಚೇರಿ

ಆ ತಾಲ್ಲೂಕು ಊರಿನ ಹೆಸರು ಬರೆಯುವುದಿಲ್ಲ. ಆ ಹಟ್ಟಿಯವರ ಮಕ್ಕಳುಮರಿ ಈಗಲೂ ಅಲ್ಲಿದ್ದಾರೆ. ಹೆಂಚಿನ ಕಟ್ಟಡ, ಮುಂದೆ ದೊಡ್ಡ ಹುಣಸೆಮರ. ಒಳಗೆ ಕಾಲಿಟ್ಟರೆ ಗಂಡಸರೇ ಗಂಡಸರು. ಹೆಂಗಸರು ನಾವಿಬ್ಬರೇ, ಕೂಸನ್ನು ಸೇರಿಸಿದರೆ ಮೂವರು. ಮ್ಯಾಜಿಸ್ಟ್ರೇಟರಿಗೆ ತಮಿಳು ಮನೆಮಾತು. ಕಟಕಟೆಯಲ್ಲಿ ಹೇಳಿದ ಕನ್ನಡವನ್ನು ಗುಮಾಸ್ತರು ತೆಲುಗು ಬೆರೆಸಿ ಇಂಗ್ಲಿಷು ಮಾಡಬೇಕು. ಒಂದು ಮಾತು ಮೂರು ಮನೆ ಹೊಕ್ಕು ಬರುವಷ್ಟರಲ್ಲಿ ಕೂಸು ಒಂದು ನಿದ್ದೆ ಮಾಡಿ ಏಳುತ್ತಿತ್ತು.

ನನ್ನನ್ನು ಮೊದಲು ಕರೆದರು.

"ಗಂಡನ ಹೆಸರು?" ಎಂದರು ಗುಮಾಸ್ತರು.

"ತೀರಿಕೊಂಡಿದ್ದಾರೆ. ನಾನು ಸಾಕ್ಷಿ ಹೇಳಲು ಬಂದಿದ್ದೇನೆ, ಅವರಲ್ಲ" ಎಂದೆ. ಗುಮಾಸ್ತರು ಅದನ್ನು ಅನುವಾದಿಸಲಿಲ್ಲ.

ಹೆರಿಗೆ ಆದ ದಿನ, ಗುಡ್ಲು, ದೂರದ ಕೊಡ ಎಲ್ಲ ಹೇಳಿದೆ. ಚಿತ್ತಮ್ಮನ ಗಂಡನ ಕಡೆ ವಕೀಲರು ಎದ್ದರು.

"ನೀವು ಅವಳ ಮೈಯೆಲ್ಲ ನೋಡಿದಿರಿ. ಏನಾದರೂ ಗಾಯ ಇತ್ತೇ?"

ಈ ಪ್ರಶ್ನೆ ಬರಬಹುದೆಂದು ದಾರಿಯುದ್ದಕ್ಕೂ ಹೆದರಿದ್ದೆ. "ಇತ್ತು. ಎಡ ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು, ಬೆನ್ನ ಮೇಲೆ ಹಳೆಯ ಬಾಸುಂಡೆ."

"ನಿಮ್ಮ ಕಾಗದದಲ್ಲಿ ಬರೆದಿಲ್ಲ. ಹೆಣ್ಣು ಮಗು, ತಾಯಿ ಮಗು ಕ್ಷೇಮ ಎಂದು ಮಾತ್ರ ಇದೆ. ಪೊಲೀಸರಿಗೆ ಹೇಳಿದಿರಾ?"

"ಇಲ್ಲ. ಏನೆಂದು ಕೇಳಿದೆ. ಬಿದ್ದೆ ಎಂದಳು. ನಾನು ಸುಮ್ಮನಾದೆ."

"ಹಾಗಾದರೆ ಆಗ ಸುಮ್ಮನಿದ್ದವರು ಈಗ ಯಾಕೆ ಮಾತಾಡುತ್ತಿದ್ದೀರಿ?"

"ಆಗ ಸುಮ್ಮನಿದ್ದದ್ದಕ್ಕೇ" ಎಂದೆ. ಹಿಂದೆ ತಿರುಗಿ ಈರಕ್ಕನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಕ್ಯಾತಪ್ಪ ಬಂದ. ಎಪ್ಪತ್ತರ ಎತ್ತರದ ಆಳು, ಹೆಗಲ ಮೇಲೆ ಕರಿಕಂಬಳಿ. ಗೋಡೆಯ ಪಕ್ಕ ಹಟ್ಟಿಯ ಹತ್ತಿಪ್ಪತ್ತು ಜನ ನಿಂತಿದ್ದರು. ಗಂಡನೂ ಅವನ ಅಣ್ಣನೂ ಅವರ ಮುಂದೆ. ಕ್ಯಾತಪ್ಪ ಕಲಿತು ಬಂದದ್ದನ್ನು ಒಪ್ಪಿಸಿದ. ನೀರಿಗೆ ಬಂದಿದ್ಲು, ಕಾಲು ಜಾರ್ತು, ಬಿದ್ಲು. ಶೇಷಾದ್ರಯ್ಯನವರು ನಿಧಾನವಾಗಿ ಎದ್ದು, ಸಾವಿನ ಸುದ್ದಿಯೇ ಎತ್ತದೆ ಕೇಳಿದರು.

"ಯಜಮಾನ್ರೇ, ನಿಮ್ಮ ಹಟ್ಟಿ ದೇವರ ಪೂಜೆಗೆ ನೀರು ಯಾವ ಬಾವೀದು?"

"ಆ ಬಾವೀದೇ ಸ್ವಾಮಿ. ನಮ್ ತಾತ್ನೋರು ಅಗ್ಸಿದ್ದು."

"ಸೂತಕದ ಹೆಂಗಸು ಅದನ್ನ ಮುಟ್ಟಬಹುದಾ?"

"ಶಿವಶಿವಾ! ಎಲ್ಲಾನ ಉಂಟಾ?"

"ಆದ್ರೂ ಯಾರೋ ಒಬ್ಬಳು ಮುಟ್ಟಿದ್ದುಂಟಾ? ನಿಮ್ಮ ಕಾಲದಾಗೆ?"

"ನನ್ ಕಾಲ್ದಾಗಿಲ್ಲ, ನಮ್ಮಪ್ಪನ ಕಾಲ್ದಾಗಿಲ್ಲ. ನಮ್ ಹೆಣ್ಮಕ್ಳು ಅಂಗಲ್ಲ. ಸುತ್ತ ಏಳು ಹಟ್ಟಿಯಾಗೆ ನಮ್ಮ ಹಟ್ಟಿ ನೇಮ ಅಂದ್ರೆ ನೇಮ."

"ಹೆರಿಗೆ ಆಗಿ ಎಂಟು ದಿನ ಅಂತ ಸರ್ಕಾರಿ ಮೊಹರು ಇಲ್ಲೈತೆ. ಚಿತ್ತಮ್ಮ ಸೂತಕದಾಗೇ ದೇವರ ಬಾವೀಲಿ ನೀರು ಸೇದೋಕೆ ಬಂದಿದ್ಲು ಅಂತ ನಿಮ್ಮ ಹೆಬ್ಬೆಟ್ಟೂ ಇಲ್ಲೈತೆ. ಹಂಗಾದ್ರೆ ನೇಮ ಸುಳ್ಳು. ನಿಮ್ಮ ಹಟ್ಟ್ಯಾಗೆ ಬಾಣಂತೇರು ಬಾವಿಗೆ ಬರ್ತಾರೆ. ಬರಕೊಳ್ರಿ ಗುಮಾಸ್ತರೇ. ಏಳು ಹಟ್ಟಿಗೂ ಗೊತ್ತಾಗ್ಲಿ."

"ಬರೀಬ್ಯಾಡ್ರಿ!" ಎಂದು ಕ್ಯಾತಪ್ಪ ಕೂಗಿದ್ದಕ್ಕೆ ಕೂಸು ಎಚ್ಚೆತ್ತು ಅತ್ತಿತು. ಗೋಡೆಯ ಹತ್ತಿರ ನಿಂತವರಲ್ಲಿ ಗುಜುಗುಜು ಶುರುವಾಯಿತು. ಮುದುಕ ಕಟಕಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಒಂದು ಕಡೆ ತನ್ನ ತಮ್ಮನ ಮಕ್ಕಳು, ಇನ್ನೊಂದು ಕಡೆ ತಾತ ಅಗೆಸಿದ ಬಾವಿ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು.

"ಆ ಮಗಳು ಅಂಥೋಳಲ್ಲ ಸ್ವಾಮಿ. ನೇಮ ತಪ್ಪಿದೋಳಲ್ಲ" ಎಂದ ಕೊನೆಗೆ. "ತಾನಾಗಿ ಆಕಿ ಬಾವಿ ತಾವ್ಕೆ ಬರ್ಲಿಲ್ಲ."

"ಮತ್ತೆ ಹೆಂಗೆ ಬಂದ್ಲು?"

"ಹೊತ್ಕಂಡು ಬಂದ್ರು. ಹಿಂದಿನ ದಿನ, ಹೊತ್ತು ಮುಳುಗೋ ಯಾಳ್ಯಾಗೆ. ನಾನು ಕುರಿ ರೊಪ್ಪಕ್ಕೆ ಕೂಡ್ತಿದ್ದೆ, ಕಣ್ಣಾರೆ ಕಂಡೆ. ಆಗ್ಲೇ ಉಸುರಿರ್ಲಿಲ್ಲ."

"ಯಾರು ಹೊತ್ತು ತಂದದ್ದು?"

ಮುದುಕ ಗೋಡೆಯ ಕಡೆ ತಿರುಗಿ ಕೈ ತೋರಿಸಿದ. ಗಂಡನ ಸುತ್ತ ನಿಂತಿದ್ದವರು ಒಬ್ಬೊಬ್ಬರಾಗಿ ಸರಿದು, ಅವನೂ ಅಣ್ಣನೂ ಇಬ್ಬರೇ ಉಳಿದರು. ಈ ಒಂದಕ್ಕೆ ಗುಮಾಸ್ತರ ಅನುವಾದ ಬೇಕಾಗಲಿಲ್ಲ.

ಮ್ಯಾಜಿಸ್ಟ್ರೇಟರು ಪಂಚನಾಮೆಯನ್ನು ಬದಿಗಿಟ್ಟು, ಕೊಲೆಯ ಆಪಾದನೆಯ ಮೇಲೆ ಇಬ್ಬರನ್ನೂ ಸೆಷನ್ಸ್ ಕೋರ್ಟಿಗೆ ಒಪ್ಪಿಸಿದರು. ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಗಂಡನಿಗೆ ಜೀವಾವಧಿ, ಅಣ್ಣನಿಗೆ ಕೆಲವು ವರ್ಷದ ಸಜೆ ಆಯಿತು. ಅದಕ್ಕೂ ಹೋಗಿ ಸಾಕ್ಷಿ ಹೇಳಿ ಬಂದೆ. ಆ ಸಲ ಡಾಕ್ಟರಿಗೆ ನಾಮಕರಣದ ಸುಳ್ಳು ಹೇಳಲಿಲ್ಲ. ಅಂದಿನಿಂದ ನನ್ನ ಹೆರಿಗೆ ಪುಸ್ತಕದಲ್ಲಿ ಕ್ಷೇಮ ಎಂದು ಬರೆಯುವ ಮೊದಲು ಬಸುರಿಯ ತೋಳು ಬೆನ್ನು ನೋಡಿ, ಕಂಡದ್ದನ್ನೂ ಬರೆಯುವ ರೂಢಿ ಮಾಡಿಕೊಂಡೆ. ಎಷ್ಟೋ ಗಂಡಂದಿರು ನನ್ನನ್ನು ಬೈದುಕೊಂಡು ಹೋದರು.

ಹುಣಸೆಮರದ ಕೆಳಗೆ

ಕಚೇರಿಯ ಕೆಲಸ ಮುಗಿದಾಗ ಬಿಸಿಲು ಇಳಿದಿತ್ತು. ಬಸ್ಸಿಗೆ ಕಾಯುತ್ತಾ ಮರದ ಕೆಳಗೆ ಕೂತೆವು. ಹಟ್ಟಿಯ ಜನ ಕ್ಯಾತಪ್ಪನನ್ನು ಬಿಟ್ಟು ಮುಂದೆ ನಡೆದು ಹೋದರು. ಸ್ವಲ್ಪ ಹೊತ್ತು ಅವನು ಒಬ್ಬನೇ ಮೆಟ್ಟಿಲ ಮೇಲೆ ನಿಂತಿದ್ದು, ಆಮೇಲೆ ನಮ್ಮ ಹತ್ತಿರ ಬಂದ. ಈರಕ್ಕ ಕೂಸಿಗೆ ಆಡಿನ ಹಾಲಿನಲ್ಲಿ ಬತ್ತಿ ಅದ್ದಿ ಅದ್ದಿ ಚೀಪಿಸುತ್ತಿದ್ದಳು.

"ಈರಕ್ಕ, ನಿನ್ ಮುಂದೆ ನಾನು ಸುಳ್ಳಾಡಾಕಿಲ್ಲ" ಎಂದ ಮುದುಕ. "ಒಳ್ಳೇವ್ನು ಅನ್ನಿಸ್ಕಳಾಕೆ ಬಂದಿಲ್ಲ. ದೇವ್ರ ಮಾನ ಹೋಯ್ತದೆ ಅಂತ ಹೇಳ್ಬುಟ್ಟೆ. ನಿನ್ ಮಗಳಿಗೋಸ್ಕರ ಹೇಳ್ಲಿಲ್ಲ ಕಣಮ್ಮ."

ಇದನ್ನು ಹೇಳಲು ಅವನು ಯಾಕೆ ಬಂದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳದೆ ಮನೆಗೆ ಹೋಗಲಾರದೆ ಬಂದಿರಬೇಕು. ಈರಕ್ಕ ಬೈಯುತ್ತಾಳೆ, ಎದ್ದು ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಕೂಸಿನ ಬಾಯಿ ಒರೆಸಿ, ಹೆಗಲಿಗೆ ಹಾಕಿಕೊಂಡು, ಎದ್ದು ನಿಂತಳು.

"ಗೊತ್ತು ಕಣಪ್ಪ" ಎಂದಳು. "ಅವಳಿಗೋಸ್ಕರ ಬಾಯಿ ಬಿಡೋರು ಒಬ್ರು ಇದ್ದಿದ್ರೆ, ನನ್ ಮಗಳು ಬದ್ಕಿರೋಳು."